ಕೋಪವಿದೆ, ಪ್ರಶ್ನೆ ಎಲ್ಲಿ?

ಮಾನ್ಯ ಪ್ರಾಂಶುಪಾಲರೇ, ಇಂದು ನಿವೃತ್ತರಾಗುತ್ತಿರುವ ನನ್ನ ಮೇಷ್ಟರೇ, ಸಹೋದ್ಯೋಗಿಗಳೇ, ಮುಂದೆ ಜಾಗವಿದ್ದರೂ ಹಿಂದೆಯೇ ಕೂತಿರುವ ವಿದ್ಯಾರ್ಥಿಗಳೇ ಹಾಗೂ ಸಭಿಕರೇ,

ಮೇಷ್ಟರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಎಂದಿದ್ದಾರೆ. ಒಳ್ಳೆಯ ಮಾತು ಯಾವುದು ಎಂಬಲ್ಲೇ ನನಗೆ ಗೊಂದಲ. ಆ ಗೊಂದಲಕ್ಕೂ ಅವರೇ ಕಾರಣ.

ಈ ಕಾಲೇಜಿಗೆ ವಿದ್ಯಾರ್ಥಿನಿಯಾಗಿ ಬಂದಾಗ, ಓದುವುದೆಂದರೆ ಹಳದಿ ಪೆನ್ನಿನಲ್ಲಿ ಗೆರೆ ಎಳೆಯುವುದು ಎಂದುಕೊಂಡಿದ್ದೆ. ಯಾವ ಸಾಲು ಬಿಡಬೇಕೆಂದು ತಿಳಿಯದೆ ಎಲ್ಲಕ್ಕೂ ಎಳೆಯುತ್ತಿದ್ದೆ. ಮೇಷ್ಟರು ನನ್ನ ಪುಸ್ತಕವನ್ನು ಎತ್ತಿ ಹಿಡಿದು, "ಏನಮ್ಮಾ, ಇದಕ್ಕೆ ಕಾಮಾಲೆ ಬಂದಿದ್ಯಾ?" ಎಂದರು. ತರಗತಿಯೇ ನಕ್ಕಿತು. "ಪಕ್ಕದಲ್ಲಿ ಖಾಲಿ ಜಾಗ ಬಿಟ್ಟಿದಾರಲ್ಲ, ಅಲ್ಲಿ ಮಾತಾಡು. ಬರೆದೋನು ಎದುರಿಗೇ ಕೂತಿದಾನೆ ಅಂದ್ಕೊಂಡು ಕೇಳು."

ಮುಂದಿನ ವಾರ ಒಂದು ಹಳೆಯ ಲೇಖನದ ಪ್ರತಿಗಳನ್ನು ಹಂಚಿದರು. ಕಿವಿ ಕೇಳದ ಮಕ್ಕಳಿಗೆ ಕೈಸನ್ನೆ ಕಲಿಸಬಾರದು, ಕಲಿಸಿದರೆ ಅವರು ಬಾಯಿ ಬಿಡುವುದೇ ಇಲ್ಲ ಎಂಬುದು ಅದರ ವಾದ.

ಸಭಿಕರೇ, ನನ್ನ ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅಪ್ಪ ದರ್ಜಿ. ಹೊಲಿಗೆ ಯಂತ್ರದ ಪಕ್ಕದಲ್ಲೇ ತಮ್ಮನನ್ನು ಕೂರಿಸಿಕೊಳ್ಳುತ್ತಿದ್ದರು. ಅವನು ಕೈ ಎತ್ತಿದರೆ ಆ ಪುಟ್ಟ ಕೈಗಳನ್ನು ಮೊಣಕಾಲುಗಳ ನಡುವೆ ಅದುಮಿ, "ನೀರು ಅನ್ನು. ನೀ... ರು..." ಎನ್ನುತ್ತಿದ್ದರು. ತಮ್ಮ ಬಾಯಾರಿ ಅಳುತ್ತಿದ್ದ. ಅಪ್ಪನೂ ಅಳುತ್ತಿದ್ದರು. ಯಾರೋ ಡಾಕ್ಟರು ಹಾಗೆ ಮಾಡಲು ಹೇಳಿದ್ದರಂತೆ. "ಪುಸ್ತಕದಲ್ಲೇ ಇದೆ ಕಣಮ್ಮ. ನಾವೇನು ಅವರಿಗಿಂತ ತಿಳಿದೋರಾ?"

ಲೇಖನದ ಅಂಚಿನಲ್ಲಿ ನಾನು ಏನು ಬರೆದಿರಬಹುದು? "ಸುಳ್ಳು." "ಕಟುಕ." "ಮೊದಲು ಇವನ ಕೈ ಕಟ್ಟಿಹಾಕಿ." ಒಂದು ಕಡೆ ನಿಬ್ಬಿನ ರಭಸಕ್ಕೆ ಕಾಗದವೇ ಹರಿದಿತ್ತು. ಮೇಷ್ಟರು ಕೆಳಗೆ ಬರೆದು ಹಿಂತಿರುಗಿಸಿದರು: "ಕೋಪವಿದೆ, ಪ್ರಶ್ನೆ ಎಲ್ಲಿ? ಆ ಮಕ್ಕಳನ್ನು ಯಾರಾದರೂ ಕೇಳಿದರೇ?"

ಲೇಖಕ ಕೇಳಿರಲಿಲ್ಲ, ಸರಿ. ನಾವು ಕೇಳಿದ್ದೆವೇ?

ತಮ್ಮ ಆಗಲೇ ಬಡಗಿಯೊಬ್ಬರ ಬಳಿ ಕೆಲಸಕ್ಕಿದ್ದ. ಗೆಳೆಯರಿಂದ ಸನ್ನೆ ಕಲಿತಿದ್ದ, ಮನೆಯಲ್ಲಿ ಮಾತ್ರ ಕೈ ಕಟ್ಟಿ ಕೂರುತ್ತಿದ್ದ. ಸನ್ನೆ ಬಿಡಿಸಿ ಮಾತು ಕಲಿಸಿದ್ದು ಬೇಕಿತ್ತೇ ಎಂದು ಮರದ ಹೊಟ್ಟಿನ ನಡುವೆ ಕೂತು ಅವನನ್ನು ಕೇಳಿದೆ. ಉಳಿ ಕೆಳಗಿಟ್ಟ. ಆಮೇಲೆ ಅವನದೇ ಮುರುಕು ಉಚ್ಚಾರಣೆಯಲ್ಲಿ ಹೇಳಿದ: "ಮಾತು ಬೇಕಿತ್ತು. ಬಸ್ಸಲ್ಲಿ, ಅಂಗಡೀಲಿ ಉಪಯೋಗಕ್ಕೆ ಬರತ್ತೆ. ಆದ್ರೆ ನಿಮ್ ಜೊತೆ ಜಗಳ ಆಡಕ್ಕೇ ಆಗ್ಲಿಲ್ಲ. ನಾನು ಪದ ಹುಡುಕೋ ಹೊತ್ತಿಗೆ ನೀವು ಎದ್ದು ಹೋಗಿರ್ತೀರ."

ಇದನ್ನು ಯಾವ ಅಂಚಿನಲ್ಲಿ ಬರೆಯಲಿ? ಲೇಖನ ಸರಿಯೆಂದೇ? ತಪ್ಪೆಂದೇ?

ಅಪ್ಪನಿಗೆ ಹೇಳಿದೆ. ಯಂತ್ರ ನಿಂತಿತು. "ಹಾಗಾದ್ರೆ ನಾನು ಮಾಡಿದ್ದು ತಪ್ಪಾ?" ಎಂದರು. ಅಷ್ಟು ಕೋಪದಿಂದ ಹೋದವಳು ಕೂತು ನೆಲದ ಮೇಲಿನ ಬಟ್ಟೆ ಚೂರುಗಳನ್ನು ಆರಿಸತೊಡಗಿದೆ.

ಅಂದು ಸಂಜೆ ತಮ್ಮ ಬಂದಾಗ ಅಪ್ಪ ಎದ್ದು ನಿಂತು, ಎರಡೂ ಕೈಗಳನ್ನು ಅವನ ಮುಂದೆ ಚಾಚಿ, "ಕಲಿಸು" ಎಂದರು. ಸೂಜಿ ಹಿಡಿದು ಬಿರುಸಾದ ಬೆರಳುಗಳು ಬಾಗಲು ತಿಂಗಳುಗಳೇ ಬೇಕಾದವು. ಕಲಿತ ಮೇಲೆ ಅಪ್ಪ ಮಗ ಮೊದಲು ಮಾಡಿದ್ದೇನು ಗೊತ್ತೇ? ಜಗಳ! ಒಂದಿಷ್ಟೂ ಸದ್ದಿಲ್ಲದೆ, ನಾಲ್ಕು ಕೈಗಳು ಗಾಳಿಯಲ್ಲಿ ಹೊಡೆದಾಡಿದವು. ಅಪ್ಪ ಸೋತರು. ಸೋತು, ಕಣ್ಣೊರೆಸಿಕೊಂಡು ನಕ್ಕರು.

ಮೇಷ್ಟರೇ, ನನ್ನ ತಮ್ಮನ ವಿಷಯ ಗೊತ್ತಿದ್ದೇ ಆ ಲೇಖನ ಕೊಟ್ಟಿರಾ? ಗೊತ್ತಿತ್ತು ಎಂದರೆ ನನಗೆ ಸಿಟ್ಟು ಬರಬಹುದು; ಗೊತ್ತಿರಲಿಲ್ಲ ಎಂದರೆ ಯಾಕೋ ನಿರಾಸೆಯಾಗುತ್ತದೆ. ನಿಮ್ಮನ್ನು ಬೈಯಬೇಕೋ ಕೈಮುಗಿಯಬೇಕೋ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಕೈಮುಗಿಯುತ್ತೇನೆ, ಬೈಗುಳ ಊಟದ ಹೊತ್ತಿಗಿರಲಿ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ತಮಗೆಲ್ಲ ಕೃತಜ್ಞಳು. ನಮಸ್ಕಾರ.