ಹೆಸರು ಹಾಕದವನು

ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಕೊಲ್ಲೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ತಮ್ಮೂರಿನ ಕಾಲೇಜು ಹುಡುಗಿಯನ್ನು ಮಾತಾಡಿಸುತ್ತಿದ್ದರು. ಇಡೀ ಸರ್ಕಲ್ಲಿಗೆ ಕೇಳುವ ದನಿ.

“ಎಂತ ಶರಣ್ಯಾ, ಇವತ್ತ್ ಕಾಲೇಜಲ್ ಎಂತ ವಿಶೇಷ?”

“ಬಿಟ್‌ಕಾಯಿನ್ ಅಂತ ಕಂಪ್ಯೂಟರ್ ದುಡ್ಡಿನ್ ಬಗ್ಗೆ ಸೆಮಿನಾರ್ ಕೊಟ್ಟೆ, ಶೆಟ್ರೆ.”

“ಅದನ್ನ್ ಮಾಡ್ದವ ಯಾರ್?”

“ಯಾರಿಗೂ ಗೊತ್ತಿಲ್ಲ. ಸುಳ್ಳ್ ಹೆಸ್ರಲ್ ಅದ್ರ್ ಪ್ರೋಗ್ರಾಮ್ ಬರ್ದ, ಲೋಕಕ್ಕೆಲ್ಲ ಕೊಟ್ಟ, ಮತ್ತೆ ಕಾಣೆ ಆದ.”

“ಅಷ್ಟ್ ದೊಡ್ಡ್ ಕೆಲ್ಸ ಮಾಡಿ ಹೆಸ್ರ್ ಹಾಕ್ಲಿಲ್ಯಾ! ನಾನ್ ಶಾಲಿಗೆ ಕೊಟ್ಟ ಫ್ಯಾನಿನ್ ಮೇಲೂ ನನ್ ಹೆಸ್ರಿತ್ತ್.”

“ಇತ್ತ್, ಕಂಡಿದೆ.”

“ಅಲ್ಲ, ಅವ ಎಂತಕ್ ಮಾಡ್ದದ್ ಅದನ್ನ್?”

“ಮಧ್ಯದಲ್ ಬ್ಯಾಂಕ್ ಬ್ಯಾಡ, ಯಾರ್ ಯಾರಿಗೆ ಕೊಟ್ರ್ ಅಂತ ಊರಿಗೆಲ್ಲ ಗೊತ್ತಾಪುದ್ ಬ್ಯಾಡ ಅಂತ. ಲೆಕ್ಕ ಎಲ್ರಿಗೂ ಕಾಣತ್ತ್, ಹೆಸ್ರ್ ಕಾಣುದಿಲ್ಲ.”

“ಕಳ್ತನ ಮಾಡದವ್ರಿಗೆ ಮುಚ್ಚಿಡುಕೆ ಎಂತ ಇತ್ತ್ ಮಗಾ?”

ಹುಡುಗಿ ಅವರ ಕಡೆ ತಿರುಗಿದಳು.

“ಶಾಲಿ ವಾರ್ಷಿಕೋತ್ಸವದಲ್ ನೀವ್ ನನ್ನ ಸ್ಟೇಜಿಗೆ ಕರ್ದ್ ಕಾಲೇಜ್ ಫೀಸಿನ್ ಕವರ್ ಕೊಟ್ರಿ. ಅಪ್ಪಯ್ಯ ಹಾಸಿಗಿ ಹಿಡ್ದದ್ದನ್ನ ಮೈಕಲ್ ಹೇಳಿದ್ರಿ. ನಾನ್ ಎಂತದೂ ಕದ್ದಿರ್ಲಿಲ್ಲ. ಆದ್ರೂ ತಲಿ ಎತ್ತುಕೆ ಆಯ್ಲಿಲ್ಲ.”

“ನಾನ್ ಒಳ್ಳೇದಕ್ಕೇ ಮಾಡ್ದದ್…”

“ಗೊತ್ತಿತ್ತ್ ಶೆಟ್ರೆ. ಅದಕ್ಕೇ ಇಷ್ಟ್ ವರ್ಷ ಹೇಳ್ಲಿಲ್ಲ.”

ಶೆಟ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಶಿರೂರು ಬಸ್ಸು ಬಂತು. ಹತ್ತುವ ಮೊದಲು ಅವರು ಅವಳ ಕಡೆ ಬಗ್ಗಿ ಏನೋ ಹೇಳಿದರು.

ಪಕ್ಕದಲ್ಲೇ ನಿಂತಿದ್ದ ನನಗೂ ಅದು ಕೇಳಿಸಲಿಲ್ಲ.