ಇನ್ನೊಂದ್ಸಲ ಕೈ ಎತ್ತಿಸಿ

ಕಾಲೇಜಿನ ಕ್ಯಾಂಟೀನಿನಲ್ಲಿ ಕಾಫಿಗಾಗಿ ಸಾಲಿನಲ್ಲಿ ನಿಂತಿದ್ದೆ. ವಿಭಾಗದ ಮುಖ್ಯಸ್ಥರು ಸಾಲು ಕಣ್ಣಿಗೇ ಬೀಳದವರ ಹಾಗೆ ಬಂದು ನನ್ನ ಮುಂದೆ ತೂರಿಕೊಂಡರು. ಜೊತೆಗೆ ಹೊಸದಾಗಿ ಸೇರಿದ ಅಧ್ಯಾಪಕಿ.

“ಸಮಾನತೆ ಸಂವಾದಕ್ಕೆ ಯಾವ ವಿಷಯ ಅಂತಾಯ್ತಮ್ಮ?”

“ವಿದ್ಯಾರ್ಥಿಗಳೇ ಆರಿಸ್ಲಿ ಅಂದಿದ್ರಲ್ಲ ಸರ್, ಕೈ ಎತ್ತಿಸಿದೆ. ಹುಡುಗೀರ ಟಾಯ್ಲೆಟ್‌ಗೆ ಚಿಲಕ ಇಲ್ಲ, ಅದನ್ನೇ ಮಾತಾಡೋಣ ಅಂದ್ರು.”

“ಥೂ. ಹೊರಗಿಂದ ದೊಡ್ಡೋರು ಬರ್ತಾರೆ, ಅವರ ಮುಂದೆ ಕಕ್ಕಸಿನ ಮಾತಾ? ಇನ್ನೊಂದ್ಸಲ ಕೈ ಎತ್ತಿಸಿ.”

“ಆಗ್ಲೇ ಎತ್ತಿಸಿದೆ ಸರ್. ಎರಡನೇ ಸಲ ಹುಡುಗರೂ ಎತ್ತಿದ್ರು.”

“ಬುದ್ಧಿ ಬರೋವರೆಗೂ ಎತ್ತಿಸ್ತಾ ಇರಿ. ಪ್ರಜಾಪ್ರಭುತ್ವಕ್ಕೆ ತಾಳ್ಮೆ ಬೇಕಮ್ಮ.”

“ನಾನೂ ಆ ಟಾಯ್ಲೆಟ್‌ಗೇ ಹೋಗೋದು ಸರ್. ಹೊರಗಡೆ ಯಾರಾದ್ರೂ ಬಾಗಿಲು ಹಿಡ್ಕೊಂಡು ನಿಂತ್ಕೋಬೇಕು.”

ಇಬ್ಬರ ಕಾಫಿಯೂ ಬಂತು. ಮುಖ್ಯಸ್ಥರು ನಿಧಾನವಾಗಿ ಸಕ್ಕರೆ ಕದಡಿದರು.

“ಒಳ್ಳೇದಾಯ್ತು ಬಿಡಿ. ವೇದಿಕೆ ಮೇಲೆ ಹೆಂಗಸರು ಯಾರೂ ಇರ್ಲಿಲ್ಲ. ನೀವೇ ಬಂದು ಕೂತ್ಕೊಳ್ಳಿ.”

“ಚಿಲಕದ ಬಗ್ಗೆ ಮಾತಾಡ್ಲಾ ಸರ್?”

“ಮಾತಾಡೋಕೆ ನಾನಿದೀನಲ್ಲ. ನೀವು ಕೂತ್ಕೊಂಡ್ರೆ ಸಾಕು.”

ಅವರು ಲೋಟ ಹಿಡಿದು ಹೊರಟರು. ಆಕೆ ಕಾಫಿಯನ್ನು ಅಲ್ಲೇ ಬಿಟ್ಟು, ಮುಂದೆ ಓಡಿಹೋಗಿ, ಅವರಿಗಾಗಿ ಕ್ಯಾಂಟೀನಿನ ಬಾಗಿಲು ಹಿಡಿದು ನಿಂತರು.