ಬಹುಮಾನ ಬಂದ ಖೀಮಾ ಸ್ಯಾಂಡ್‌ವಿಚ್

...ನಗಬೇಡ. ಯಾಕೆ ನಗ್ತೀಯ? ಕೋಳಿ ಖೀಮಾ ಉಂಡೆ ಕಟ್ಟಿರೋದು ನನಗೂ ಕಾಣ್ತಿದೆ. ಬಾಣಲೆಗೆ ಬಿದ್ದ ತಕ್ಷಣ ಬಿಡಿಸ್ಬೇಕಿತ್ತು. ನಾನು ಸೌಟು ಹುಡುಕ್ತಾ ನಿಂತೆ, ಅಷ್ಟರಲ್ಲಿ ಕೋಳಿ ಎಲ್ಲಾ ಸೇರಿ ಸಂಘ ಕಟ್ಟಿಕೊಂಡಿದೆ. ಥೇಟ್ ನಮ್ಮ ಆಫೀಸಿನವರೇ. ಒಬ್ಬೊಬ್ಬರೇ ಸಿಕ್ಕಾಗ ಮೆತ್ತಗಿರ್ತಾರೆ, ಸ್ವಲ್ಪ ಬಿಸಿ ತಗುಲಲಿ, ಒಗ್ಗಟ್ಟೋ ಒಗ್ಗಟ್ಟು.

ಒಂದು ಮಾತಾದ್ರೂ ಹೇಳಬಾರದಾ? ನಿನ್ನೆ ಸಂಜೆಯಿಂದ ಬಾಯಿಗೆ ಬೀಗ ಹಾಕ್ಕೊಂಡಿದೀಯ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ನಿನ್ನ ಗಂಡ ಮೊದಲನೇ ಸಲ ಒಲೆ ಮುಂದೆ ನಿಂತಿದಾನೆ, ನೀನು ನೋಡಿದ್ರೆ ಸ್ಟೂಲ್ ಮೇಲೆ ಕೂತು ತಮಾಷೆ ನೋಡ್ತಿದೀಯ. ಉರಿ ಜಾಸ್ತಿಯಾ, ಕಮ್ಮಿಯಾ? ಅಷ್ಟು ಹೇಳು ಸಾಕು.

ಸರಿ, ಕಮ್ಮಿನೇ ಮಾಡ್ತೀನಿ.

ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಾಯ್ತು. ಖಾರದ ಪುಡಿ ಮೂರು ಚಮಚ... ಹುಬ್ಬೇರಿಸ್ತೀಯಲ್ಲ, ಎರಡಾ? ಎರಡು ಅನ್ಕೋತೀನಿ. ಆಮೇಲೆ ಕೊನೇಲಿ ಒಲೆ ಆರಿಸೋಕೆ ಮುಂಚೆ ಆ ಸಣ್ಣ ಡಬ್ಬಿಯಿಂದ ಏನೋ ಉದುರಿಸ್ತೀಯಲ್ಲ, ಅದೇನು? ಡಬ್ಬಿ ಎಲ್ಲಿಟ್ಟಿದೀಯ? ಕಪಾಟಿನಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ.

ನನಗೆ ಗೊತ್ತು ನಿನ್ನ ಸಿಟ್ಟು ಯಾತಕ್ಕೆ ಅಂತ. ಬಹುಮಾನ ಬಂದ ಆ ಬೆಳ್ಳಿ ಬಟ್ಟಲು ನಾನು ಷೋಕೇಸಿನಲ್ಲಿ ನನ್ನ ಫೋಟೋ ಪಕ್ಕ ಇಟ್ಟೆ, ಅದಕ್ಕೆ ತಾನೆ? ತೆಗೆದು ನಿನ್ನ ಫೋಟೋ ಪಕ್ಕ ಇಡೋಣ ಬಿಡು. ಖೀಮಾ ಮಾಡಿದ್ದು ನೀನೇ, ನಾನೇನು ಇಲ್ಲ ಅಂದ್ನಾ? ಕಳೆದ ಶನಿವಾರ ಬೆಳಿಗ್ಗೆ ಐದಕ್ಕೆ ಎದ್ದು ನೀನು ಮಾಡಿ ಕೊಟ್ಟೆ. ನಾನು ಡಬ್ಬಿ ಹೊತ್ತೆ. ಡಬ್ಬಿ ಹೊರೋದೂ ಒಂದು ಕೆಲಸನೇ, ಆ ಬಸ್ಸಿನ ನೂಕುನುಗ್ಗಲಲ್ಲಿ ಹೊತ್ತು ನೋಡು. ವಾರ್ಷಿಕೋತ್ಸವಕ್ಕೆ ಗಂಡಸರ ಅಡುಗೆ ಸ್ಪರ್ಧೆ, ಸ್ವಂತ ಕೈಯಿಂದಲೇ ಮಾಡಿರಬೇಕು ಅನ್ನೋದು ನಿಯಮ. ಆ ನಿಯಮ ಬರೆದವನೂ ನಾನೇ. ಹೆಡ್ ಕ್ಲರ್ಕ್ ಅಲ್ವಾ, ಇನ್ಯಾರು ಬರೀತಾರೆ? ಹನ್ನೊಂದು ಜನ ಡಬ್ಬಿ ತಂದಿದ್ರು. ಹನ್ನೊಂದೂ ಡಬ್ಬಿ ಹೆಂಗಸರ ಕೈ ರುಚೀನೇ. ನಾವು ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡ್ಕೊಳ್ಳಲಿಲ್ಲ.

ಮೊದಲನೇ ಬಹುಮಾನ ನನಗೆ ಅಂದಾಗ ಸಭೆಯಲ್ಲಿ ಎಲ್ಲರ ಕಣ್ಣಲ್ಲೂ ನೀರು. ಖಾರಕ್ಕೆ... ಹೂಂ, ಖಾರಕ್ಕೇ. ಇನ್ಯಾತಕ್ಕೆ ಅಳ್ತಾರೆ?

ಆ ಪಾತ್ರೆ ಕಡೆ ಯಾಕೆ ಹಾಗೆ ನೋಡ್ತೀಯ? ಒಂದೂವರೆ ಕಿಲೋ ಖೀಮಾ, ನಿಜ. ಇಬ್ಬರಿಗೆ ಜಾಸ್ತಿ. ಬನ್ನೂ ಎರಡು ಡಜನ್. ಸರಿ, ಹೇಳ್ಬಿಡ್ತೀನಿ. ದೊಡ್ಡ ಸಾಹೇಬರೂ ಅವರ ಮನೆಯವರೂ ಒಂದು ಗಂಟೆಗೆ ಊಟಕ್ಕೆ ಬರ್ತಿದಾರೆ. ಆ ಸ್ಯಾಂಡ್‌ವಿಚ್ ಇನ್ನೊಂದು ಸಲ ತಿನ್ನಬೇಕಂತೆ, ನಾನು ಮಾಡೋದನ್ನ ಕಣ್ಣಾರೆ ನೋಡಬೇಕಂತೆ. ಸೂಪರಿಂಟೆಂಡೆಂಟ್ ಜಾಗ ಖಾಲಿ ಇದೆ ಅಂತ ನಿನಗೆ ಗೊತ್ತಲ್ಲ. ಇಷ್ಟೇ ವಿಷಯ. ಈಗ ಹೇಳು, ಬನ್ನಿಗೆ ಬೆಣ್ಣೆ ಒಳಗಡೆ ಸವರಬೇಕಾ, ಹೊರಗಡೆಯಾ?

ಎದ್ದೆ ಯಾಕೆ? ರೂಮಿಗೆ ಯಾಕೆ ಹೋಗ್ತೀಯ? ಅಲ್ಲೇನಿಲ್ಲ. ಹೊಸ ಬೆಡ್‌ಶೀಟು, ಸುಮ್ನೆ ಹಾಸಿದೆ. ಆ ಟಾನಿಕ್ ಬಾಟಲುಗಳು... ಕಪಾಟು ಒರೆಸೋಕೆ ತೆಗೆದಿದ್ದೆ, ಹಾಸಿಗೆ ಪಕ್ಕ ಇಟ್ಟೆ, ಮರೆತೆ. ಆ ಊರುಗೋಲಾ? ಕೆಳಗಿನ ಮನೆ ಅಜ್ಜಂದು. ನಾನೇ ಕೇಳಿ ತಂದೆ. ಅಟ್ಟದ ಮೇಲಿನ ಡಬ್ಬ ಇಳಿಸೋಕೆ.

ಹಾಗೆ ನೋಡಬೇಡ ಕಣೇ. ಬೈದುಬಿಡು, ಅದಾದ್ರೂ ವಾಸಿ.

ಅಯ್ಯೋ, ತಳ ಹಿಡೀತಿದೆ.

ಆಯ್ತು, ಕೂತ್ಕೋ. ಅವತ್ತು ಮೈಕ್ ಕೈಗೆ ಕೊಟ್ಟು, "ಹೇಗೆ ಕಲಿತಿರಿ ಈ ಅಡುಗೆ?" ಅಂದ್ರು. ಹೆಂಡತಿ ಮಾಡಿದ್ದು ಅಂದ್ರೆ ಬಟ್ಟಲು ಕಿತ್ಕೋತಾರೆ. ಯೂಟ್ಯೂಬ್ ಅನ್ನೋಣ ಅಂದ್ರೆ ಎರಡನೇ ಬಹುಮಾನದವನು ಅದನ್ನ ಆಗಲೇ ಹೇಳ್ಬಿಟ್ಟಿದ್ದ. ನಾಲಿಗೆ ಜಾರಿತು. "ನನ್ನ ಹೆಂಡತಿ ಹಾಸಿಗೆ ಹಿಡಿದು ಮೂರು ವರ್ಷ ಆಯ್ತು, ಅವತ್ತಿಂದ ಒಲೆ ಮುಂದೆ ನಾನೇ" ಅಂದೆ.

ಅಷ್ಟೇ ಅಂದಿದ್ದು. ಇಲ್ಲ, ಇನ್ನೂ ಸ್ವಲ್ಪ ಅಂದೆ. ಕೈತುತ್ತು ತಿನ್ನಿಸ್ತೀನಿ ಅಂದೆ. ತಲೆ ಬಾಚ್ತೀನಿ ಅಂದೆ. ಹೇಳ್ತಾ ಹೇಳ್ತಾ ನನಗೇ ಅಳು ಬಂತು, ನೋಡು, ಅಷ್ಟು ನಂಬಿಬಿಟ್ಟಿದ್ದೆ. ಸಾಹೇಬರ ಹೆಂಡತಿ ಕರವಸ್ತ್ರ ತೆಗೆದ್ರು. ಅವರು ಬರ್ತಿರೋದು ಸ್ಯಾಂಡ್‌ವಿಚ್ ತಿನ್ನೋಕಲ್ಲ. ನಿನ್ನನ್ನ ನೋಡೋಕೆ. ಹಣ್ಣಿನ ಬುಟ್ಟಿ ತರ್ತಾರಂತೆ.

ಒಂದೇ ಒಂದು ಗಂಟೆ ಮಲಗು. ಕಣ್ಣು ಮುಚ್ಚಿಕೊಂಡಿರು ಸಾಕು. ಮಾತಾಡೋದೂ ಬೇಡ, ಅದಂತೂ ನಿನಗೆ ನಿನ್ನೆಯಿಂದ ಅಭ್ಯಾಸ ಆಗಿದೆ...

ಇದೇನು, ನಿನಗೆ ಆಶ್ಚರ್ಯನೇ ಆಗ್ತಿಲ್ಲ? ಕೋಪನೂ ಬರ್ತಿಲ್ಲ?

ನಿನ್ನೆ ಸಂಜೆ... ನೀನು ತರಕಾರಿ ಅಂಗಡಿಗೆ ಹೋಗಿದ್ದೆ. ಯಾರು ಸಿಕ್ಕಿದ್ರು? ಆ ಅಂಗಡಿ ಹತ್ತಿರಾನೇ ಮನೆ ಇರೋ ನಮ್ಮ ಆಫೀಸಿನ ಟೈಪಿಸ್ಟಾ? ಎರಡು ಕೈಯಲ್ಲೂ ಚೀಲ ಹಿಡ್ಕೊಂಡು ನಡೀತಿದ್ದ ನಿನ್ನನ್ನ ನೋಡಿದ್ಲಾ? ಏನಂದ್ಲು? ನೀನೇನಂದೆ? ಎಲ್ಲಾ ಹೇಳಿದ್ಲಾ, ತಲೆ ಬಾಚೋದೂ?

ಹಾಗಾದ್ರೆ ನಿನ್ನೆಯಿಂದಾನೂ ನಿನಗೆ ಗೊತ್ತಿತ್ತು. ನಾನು ಇಷ್ಟು ಹೊತ್ತು ಈರುಳ್ಳಿ ಹೆಚ್ಕೊಂಡು ಸುಳ್ಳು ಹೇಳೋದನ್ನ ನೀನು ಕೇಳ್ತಾ ಕೂತಿದ್ದೆ. ನಾನು ಯಾವಾಗ ಬಾಯಿಬಿಡ್ತೀನಿ ಅಂತ. ನನ್ನಿಂದ ತಪ್ಪಾಯ್ತು ಕಣೇ. ಬಟ್ಟಲಿಗೆ ಆಸೆಪಟ್ಟೆ. ಮೂರು ವರ್ಷ ಅಲ್ಲ, ಮೂರು ದಿನ ಜ್ವರ ಬಂದು ಮಲಗಿದಾಗಲೂ ನಿನಗೊಂದು ಲೋಟ ಗಂಜಿ ಕಾಯಿಸಿ ಕೊಟ್ಟವನಲ್ಲ ನಾನು.

ಬೆಲ್ಲು. ಬಂದೇಬಿಟ್ರು. ಇನ್ನೂ ಹನ್ನೆರಡೂವರೆ.

ಎಲ್ಲಿಗೆ ಹೊರಟೆ? ಬಾಗಿಲು ನಾನು ತೆಗೀತೀನಿ. ನಿಲ್ಲು. ಓಡಬೇಡ, ಸದ್ದು ಹೊರಗೆ ಕೇಳುತ್ತೆ... ನಿನಗೆ ಕೈ ಮುಗೀತೀನಿ, ಗೋಡೆ ಹಿಡ್ಕೊಂಡಾದ್ರೂ ನಡಿ.